ಕಡಲಾಚೆಯ ಬೀಗಿತ್ತಿ

ಆಫ್ರಿಕದ ಪುಟ್ಟ ದೇಶ ಎಸ್ವಾಟಿನಿಯ ಮಂಕಯಾನೆ ಪೇಟೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಸಬೇಕೆಂದರೆ ದುಮ್ಸಿಲೆಯ ಅಂಗಡಿಗೇ ಹೋಗಬೇಕು. ಹೋದವರು ಅಳತೆಯ ಜೊತೆಗೆ ನಾಲ್ಕು ಚುಚ್ಚುಮಾತನ್ನೂ ಕೊಡಿಸಿಕೊಂಡೇ ಬರಬೇಕು. ಮಗುವಿನ ಸೊಂಟ ಅಳೆಯುತ್ತ ತಾಯಿಯ ಸೊಂಟದ ಬಗ್ಗೆ ಮಾತಾಡುವ ಹೆಂಗಸು ಅವಳು. ಆದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹೊಲಿಗೆ ಗಟ್ಟಿಯಾಗಿತ್ತು, ಅಲ್ಲದೆ ಅವಳು ತನ್ನನ್ನೂ ಬಿಡುತ್ತಿರಲಿಲ್ಲ.

ಅವಳ ಗಂಡ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗೆ ಹೋದವನು. ಪ್ರತಿ ಕ್ರಿಸ್‌ಮಸ್ಸಿಗೆ ಕಂಬಳಿಯನ್ನೋ ರೇಡಿಯೊವನ್ನೋ ಹೊತ್ತು ಬರುತ್ತಿದ್ದ. ಕೊನೆಯ ಸಲ ಬರೀ ಕೆಮ್ಮು ಹೊತ್ತು ಬಂದ. ಆಗಿನ್ನೂ ಆ ಕಾಯಿಲೆಯ ಗುಳಿಗೆಗಳು ಆ ಬೆಟ್ಟದ ಸೀಮೆ ಹತ್ತಿರಲಿಲ್ಲ. ಅವನನ್ನು ಮಣ್ಣು ಮಾಡಿ ಕೆಲವು ವರ್ಷಗಳಾದ ಮೇಲೆ ಅವಳು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಐವಿ ಇದೆ ಅಂದರು. ಅಷ್ಟು ಹೊತ್ತಿಗೆ ಗುಳಿಗೆಗಳು ಬಂದಿದ್ದವು. ಹದಿನಾರು ವರ್ಷದಿಂದ ರಾತ್ರಿ ಎಂಟಕ್ಕೆ ಒಂದು ಗುಳಿಗೆ, ಒಂದು ದಿನವೂ ತಪ್ಪಿಲ್ಲ. "ಗಂಡ ಬಿಟ್ಟು ಹೋದ, ಈ ಗುಳಿಗೆ ಮಾತ್ರ ಎಂಟಾಗ್ತಿದ್ದ ಹಾಗೆ ಮನೇಗೆ ಬರುತ್ತೆ" ಎನ್ನುತ್ತಿದ್ದಳು.

ಗಂಡ ಸತ್ತ ಮೇಲೆ ಅವಳು ಬೆಟ್ಟದ ಮೇಲಿನ ತಮ್ಮನ ಮನೆಗೆ ಬಂದಳು. ತಮ್ಮ ವೆಲಾಫಿ ಬಸ್ ಓಡಿಸುತ್ತಿದ್ದವನು. ಹೆಂಡತಿಯನ್ನು ಅದೇ ಕಾಯಿಲೆಗೆ ಕಳೆದುಕೊಂಡವನು. ಅವನೂ ಎಂಟು ಗಂಟೆಯ ಗುಳಿಗೆಯವನೇ. ಅವನ ಒಬ್ಬಳೇ ಮಗಳು ತೆಂಗೆಟಿಲೆಯನ್ನು ದುಮ್ಸಿಲೆ ಸಾಕಿದಳು, ಓದಿಸಿದಳು, ಬೈದಳು, ಕೊನೆಗೆ ಬಿಗ್ ಬೆಂಡ್ ಎಂಬ ಊರಿನ ಶಾಲೆಯೊಂದಕ್ಕೆ ಟೀಚರು ಮಾಡಿದಳು.

ಒಂದು ಸಂಜೆ ರೇಡಿಯೊದವನು ದೇಶದೇಶಗಳ ಲೆಕ್ಕ ಓದಿದ. ಎಸ್ವಾಟಿನಿಯಲ್ಲಿ ದೊಡ್ಡವರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಎಚ್‌ಐವಿ ಇದೆ, ಜಗತ್ತಿನ ಬೇರೆಲ್ಲೂ ಇಷ್ಟಿಲ್ಲ ಅಂದ.

"ಅಂತೂ ಒಂದ್ರಲ್ಲಾದ್ರೂ ಫಸ್ಟ್ ಬಂದ್ವಿ ನೋಡಕ್ಕ" ಎಂದ ವೆಲಾಫಿ. "ಫುಟ್‌ಬಾಲಲ್ಲಂತೂ ಆಗ್ಲಿಲ್ಲ."

"ಕಪ್ ಕೊಡೋಕೆ ಕರೆದ್ರೆ ನೀನೇ ಹೋಗ್ಬಾ. ಸೂಟು ನಾನು ಹೊಲಿದು ಕೊಡ್ತೀನಿ."

ಅದಾದ ಮರುವಾರವೇ ತೆಂಗೆಟಿಲೆ ಊರಿಗೆ ಬಂದಳು. ಮುಖದಲ್ಲಿ ಮದುವೆಯ ಕಳೆಯಿತ್ತು, ಅದರ ಹಿಂದೆ ಏನೋ ಅಳುಕೂ ಇತ್ತು. ಹುಡುಗ ಟೂವು, ಮಡಗಾಸ್ಕರಿನವನು, ಬಿಗ್ ಬೆಂಡ್‌ನ ಸಕ್ಕರೆ ಕಾರ್ಖಾನೆಯ ಕಬ್ಬಿನ ಗದ್ದೆಗಳಿಗೆ ನೀರು ಹಾಯಿಸುವ ಎಂಜಿನಿಯರು. ಅವನನ್ನು ಮನೆಯವರೆಲ್ಲ ಆಗಲೇ ನೋಡಿ ಒಪ್ಪಿದ್ದರು. ಈಗ ಅವನ ತಾಯಿ ಕಡಲು ದಾಟಿ ಬರುವವಳಿದ್ದಳು. ಹೆಸರು ವುಲುಲೂನಾ.

"ಅತ್ತೆ, ಒಂದು ಮಾತು. ಬೈಬಾರ್ದು."

"ಬೈಯೋದು ಬಿಡೋದು ಮಾತು ಕೇಳಿದ ಮೇಲೆ. ಹೇಳು."

"ಅವರಮ್ಮನ ಮುಂದೆ ಗುಳಿಗೆ ವಿಷಯ ಎತ್ಬೇಡ. ಅವರ ದೇಶದಲ್ಲಿ ಇನ್ನೂರು ಮುನ್ನೂರು ಜನಕ್ಕೆ ಒಬ್ಬರಿಗಿದ್ರೆ ಹೆಚ್ಚಂತೆ. ಅದರ ಹೆಸರೆತ್ತಿದ್ರೇ ಅವರಮ್ಮ ಎದ್ದು ಹೋಗ್ತಾರಂತೆ. ಟೂವೂ ನಾನೂ ಪರೀಕ್ಷೆ ಮಾಡಿಸ್ಕೊಂಡಿದೀವಿ, ನಮಗಿಲ್ಲ. ಅವನಿಗೆ ನಿಮ್ಮ ವಿಷಯ ಎಲ್ಲಾ ಗೊತ್ತು, ಏನೂ ಅಂದ್ಕೊಳಲ್ಲ. ಆದರೆ ಅಮ್ಮಂಗೆ ಹೇಗೆ ಹೇಳೋದು ಅಂತ ಅವನಿಗೇ ಭಯ."

ದುಮ್ಸಿಲೆಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕೋಳಿ, ನಾಯಿಗಳಿಂದಲೂ ಮುಚ್ಚಿಡದ ವಿಷಯವನ್ನು ಈಗ ಯಾವುದೋ ದ್ವೀಪದವಳಿಂದ ಮುಚ್ಚಿಡಬೇಕೆ? ಆದರೆ ಹುಡುಗಿಯ ಕಣ್ಣು ತುಂಬಿದ್ದವು.

"ಆಯ್ತು ಕಣೇ. ನಾವೆಲ್ಲ ಹುಟ್ಟಿದಾಗಿಂದ ಒಂದು ಶೀತಾನೂ ಕಾಣದೋರು ಅಂತ್ಲೇ ಇಟ್ಕೋ."

ಮನೆ ಚೊಕ್ಕಟ ಮಾಡುವ ಕೆಲಸ ಶುರುವಾಯಿತು. ಗೋಡೆಯ ಮೇಲಿದ್ದ ಕ್ಲಿನಿಕ್ಕಿನ ಕ್ಯಾಲೆಂಡರು ಇಳಿಯಿತು. ಅದರಲ್ಲಿ ಗಂಡಹೆಂಡತಿ ನಗುತ್ತ ಗುಳಿಗೆ ನುಂಗುವ ಚಿತ್ರವಿತ್ತು. ವೆಲಾಫಿ ತನ್ನ ಗುಳಿಗೆ ಡಬ್ಬಿಯನ್ನು ಟೀ ಪುಡಿಯ ಡಬ್ಬಿಯೊಳಗೆ ಬಚ್ಚಿಟ್ಟ, ಮಾರನೆಯ ಬೆಳಿಗ್ಗೆ ತಾನೇ ಮರೆತು ಅದಕ್ಕೆ ಚಮಚ ಹಾಕಿದ. ದುಮ್ಸಿಲೆ ಇಬ್ಬರ ಫೋನುಗಳ ಎಂಟು ಗಂಟೆಯ ಅಲಾರಮನ್ನೂ ಕೊರಳು ಹಿಸುಕಿ ಸುಮ್ಮನಾಗಿಸಿದಳು.

ಬೀಗಿತ್ತಿ ಬಂದಳು. ಸಣ್ಣ ಮೈಕಟ್ಟು, ಬೆನ್ನ ಮೇಲೆ ಉದ್ದ ಜಡೆ, ಹೆಗಲಿಗೆ ಬಿಳಿ ಶಾಲು, ಕಂಕುಳಲ್ಲಿ ಒಂದು ಕಪ್ಪು ಕೈಚೀಲ. ಮಾರಿಷಸ್ಸಿನ ಗಾರ್ಮೆಂಟ್ಸ್‌ನಲ್ಲಿ ಕೆಲವು ವರ್ಷ ದುಡಿದಿದ್ದರಿಂದ ಅವಳಿಗೆ ಮುರುಕು ಇಂಗ್ಲಿಷ್ ಬರುತ್ತಿತ್ತು. ದುಮ್ಸಿಲೆಗೂ ಅಷ್ಟೇ ಮುರುಕು ಬರುತ್ತಿದ್ದುದರಿಂದ ಇಬ್ಬರ ಮಾತೂ ಸರಿಹೋಯಿತು. ಹೆಸರು ಮಾತ್ರ ಯಾರ ನಾಲಿಗೆಗೂ ಹತ್ತಲಿಲ್ಲ. ಸಂಜೆಯ ಹೊತ್ತಿಗೆ ಅದು 'ಲೂನಾ'ಗೆ ಇಳಿಯಿತು.

ಲೂನಾ ಮೂರು ಹೊತ್ತೂ ಅನ್ನವನ್ನೇ ಉಣ್ಣುವವಳು. ಮೆಕ್ಕೆಜೋಳದ ಮುದ್ದೆ, ಶೇಂಗಾ ಹಾಕಿದ ಕುಂಬಳದ ಸೊಪ್ಪು, ಹುಳಿಹಾಲು ಎಲ್ಲವನ್ನೂ ಹೊಗಳಿ, ಸ್ವಲ್ಪ ಸ್ವಲ್ಪ ತಿಂದು, ಆಮೇಲೆ ಮೆಲ್ಲಗೆ ತನ್ನ ಪೆಟ್ಟಿಗೆಯಿಂದ ಅಕ್ಕಿ ತೆಗೆದಳು. ತಮ್ಮಲ್ಲಿ ಹೆಣ್ಣಿನ ಮನೆಯವರಿಗೆ ಮರ್ಯಾದೆಯೆಂದು ಕುರಿಯ ಹಿಂಭಾಗವನ್ನು ಕೊಡುತ್ತಾರೆ ಎಂದೂ ಹೇಳಿದಳು.

ವೆಲಾಫಿ ಅಕ್ಕನನ್ನು ಹಟ್ಟಿಯ ಹಿಂದಕ್ಕೆ ಕರೆದ. "ನಾನು ಹೆಣ್ಣಿನ ತೆರಕ್ಕೆ ದನ ಕೇಳ್ಬೇಕು ಅಂತಿದ್ರೆ ಅವರು ಕುರಿ ಬಾಲದ ಲೆಕ್ಕ ಹೇಳ್ತಿದಾರಲ್ಲ!"

"ಬಾಲ ಅಲ್ವೋ, ಅದರ ಅಕ್ಕಪಕ್ಕದ್ದು. ಸುಮ್ನಿರು. ದನದ ಮಾತು ಹಬ್ಬದೂಟದ ದಿನ."

ಎರಡು ದಿನದಲ್ಲಿ ಇಬ್ಬರು ಹೆಂಗಸರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಲೂನಾ ಅಂಗಡಿಯಲ್ಲಿ ಕೂತು ಕಾಲರು ಹೊಲಿದುಕೊಟ್ಟಳು, ಅದೂ ದುಮ್ಸಿಲೆಗಿಂತ ನೀಟಾಗಿ. ಆದರೆ ಒಂದು ವಿಷಯ ದುಮ್ಸಿಲೆಯ ಮನಸ್ಸಿಗೆ ಮುಳ್ಳಾಯಿತು. ದಿನವೂ ರಾತ್ರಿಯೂಟದ ಮೊದಲು ಲೂನಾ ಕೈಚೀಲ ಎತ್ತಿಕೊಂಡು ಒಬ್ಬಳೇ ಕತ್ತಲಿಗೆ ಹೋಗುತ್ತಿದ್ದಳು. ನಕ್ಷತ್ರ ನೋಡಿ ಬರುತ್ತೇನೆ ಎನ್ನುತ್ತಿದ್ದಳು. ಮೋಡ ಕವಿದ ದಿನವೂ ಹೋದಳು. ಬಾಗಿಲ ಸಂದಿನಿಂದ ದುಮ್ಸಿಲೆ ಇಣುಕಿದಾಗ ಅವಳು ತಲೆ ಹಿಂದಕ್ಕೆ ಎಸೆದು ಏನನ್ನೋ ಗುಟುಕರಿಸಿದ್ದು ಕಂಡಿತು.

"ನಿನ್ನ ಬೀಗಿತ್ತಿ ಕುಡೀತಾಳೆ ಕಣೋ" ಎಂದಳು ತಮ್ಮನಿಗೆ.

"ಛೆ! ವಾಸನೆ ಬರಲ್ಲಲ್ಲ?"

"ದುಬಾರಿ ಮಾಲಿರ್ಬೇಕು. ದಿನಾ ಒಂದೇ ಗುಟುಕು, ಅದೂ ನಕ್ಷತ್ರ ನೋಡ್ಕೊಂಡು. ಎಷ್ಟು ಅಚ್ಚುಕಟ್ಟಾದ ಕುಡುಕಿ!"

ಹಾಗಂದವಳಿಗೆ ಒಳಗೊಳಗೇ ಸಮಾಧಾನವೂ ಆಯಿತು. ನಾವು ಒಂದು ಮುಚ್ಚಿಟ್ಟರೆ ಅವಳೂ ಒಂದು ಮುಚ್ಚಿಟ್ಟಿದ್ದಾಳಲ್ಲ ಎಂದುಕೊಂಡಳು.

ಹಬ್ಬದೂಟದ ದಿನ ಬಂತು. ಚಳಿಗಾಲದ ಬೆಟ್ಟಗಾಳಿಗೆ ಎಲ್ಲರೂ ಒಲೆಯ ಸುತ್ತ, ದೊಡ್ಡ ಗುಡಿಸಲೊಳಗೆ ಸೇರಿದ್ದರು. ದನದ ಮಾತು ಹಗಲೇ ಮುಗಿದಿತ್ತು. ವೆಲಾಫಿ ಕೇಳಿದ್ದರಲ್ಲಿ ಎರಡು ದನ ಬಿಟ್ಟುಕೊಟ್ಟಿದ್ದ, ಕುರಿಯ ಹಿಂಭಾಗವನ್ನೂ ಸಂತೋಷದಿಂದ ತೆಗೆದುಕೊಂಡಿದ್ದ. ಮಾಂಸ ಬೇಯುತ್ತಿತ್ತು, ಟೂವು ನಾಚಿಕೊಂಡು ನಗುತ್ತಿದ್ದ. ಲೂನಾ ಇನ್ನೂ ನಕ್ಷತ್ರಕ್ಕೆ ಎದ್ದಿರಲಿಲ್ಲ. ಅವಳ ಒಂದು ಪಕ್ಕ ವೆಲಾಫಿ, ಇನ್ನೊಂದು ಪಕ್ಕ ಎನೋಸಜ್ಜ ಕೂತಿದ್ದರು, ಏಳಲು ದಾರಿಯಿರಲಿಲ್ಲ.

ಎನೋಸಜ್ಜ ಎಂದರೆ ದುಮ್ಸಿಲೆಯ ಚಿಕ್ಕಪ್ಪ. ಎಪ್ಪತ್ತೆಂಟರ ಕಿವುಡ. ಅವನು ಆ ಮಧ್ಯಾಹ್ನವಷ್ಟೇ ಪಕ್ಕದ ಕಣಿವೆಯಿಂದ ಬಂದಿದ್ದ. ಅವನಿಗೆ ಹೇಳಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

ಅವನ ಕೋಟಿನ ಜೇಬಿನಿಂದ ಇಗರ್ಜಿಯ ಭಜನೆಯೊಂದು ಗುಡಿಸಲು ಅದುರುವಂತೆ ಮೊಳಗಿತು. ಅವನಿಗೆ ಕೇಳಲಿ ಎಂದು ಅಷ್ಟು ಜೋರು ಇಟ್ಟಿದ್ದರು. ಅಜ್ಜ ನಿಧಾನವಾಗಿ ಫೋನು ತೆಗೆದ, ನೋಡಿದ, ಮತ್ತೊಂದು ಜೇಬಿನಿಂದ ಡಬ್ಬಿ ತೆಗೆದ. ನುಂಗಲು ಹೊರಟವನು ಸುತ್ತ ನೋಡಿದ. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದರು.

"ಏನ್ರೋ ಇದು?" ಅಜ್ಜನ ಗಂಟಲು ಅವನ ಫೋನಿಗಿಂತ ದೊಡ್ಡದು. "ಎಂಟಾಯ್ತು! ವೆಲಾಫಿ, ಎಲ್ಲೋ ನಿನ್ನ ಗುಳಿಗೆ? ದುಮ್ಸಿಲೆ, ನೀನ್ಯಾಕೆ ಹಂಗೆ ಕಣ್ಣು ಬಿಡ್ತಿದೀಯ? ಸಿಕ್ಕಾಗೆಲ್ಲ ನಂಗೇ ಪಾಠ ಹೇಳೋಳು! ಮದುವೆ ಮನೆ ಅಂತ ಕಾಯಿಲೆಗೂ ರಜಾನಾ?"

ತೆಂಗೆಟಿಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ವೆಲಾಫಿ ಒಲೆಯ ಸೌದೆ ಸರಿಮಾಡತೊಡಗಿದ, ಸೌದೆ ಸರಿಯಾಗಿಯೇ ಇತ್ತು. ಅಜ್ಜನ ಮಾತು ಲೂನಾಳಿಗೆ ಅರ್ಥವಾಗಿರಲಿಲ್ಲ, ಆದರೆ ಅವನ ಅಂಗೈಯ ಮೇಲಿದ್ದ ಗುಳಿಗೆಯನ್ನು ಅವಳು ನೋಡುತ್ತಿದ್ದಳು.

"ಇದೇನು?" ಎಂದು ದುಮ್ಸಿಲೆಯನ್ನು ಕೇಳಿದಳು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ರಕ್ತದೊತ್ತಡ ಎನ್ನಬಹುದಿತ್ತು. ಆದರೆ ದುಮ್ಸಿಲೆಗೆ ಇದ್ದಕ್ಕಿದ್ದಂತೆ ಎಲ್ಲ ಸಾಕೆನಿಸಿತು.

"ಎಚ್‌ಐವಿ ಗುಳಿಗೆ. ಅಜ್ಜಂಗಿದೆ, ನನ್ನ ತಮ್ಮಂಗಿದೆ, ನನಗಿದೆ. ಹುಡುಗೀಗಿಲ್ಲ. ನಾವು ಗುಳಿಗೆ ತಗೊಂಡು ನೆಟ್ಟಗಿದೀವಿ. ನಿಮ್ಮಿಂದ ಬಚ್ಚಿಟ್ಟಿದ್ದು ತಪ್ಪು."

ಲೂನಾ ಎದ್ದಳು, ಕೈಚೀಲ ತೆಗೆದುಕೊಂಡಳು, ವೆಲಾಫಿಯ ಕಾಲು ದಾಟಿ ಹೊರಗೆ ಹೋದಳು. ಟೂವು ಏಳಲು ಹೋದ.

"ನೀನು ಕೂತ್ಕೊ" ಎಂದಳು ದುಮ್ಸಿಲೆ. "ನಾಲಿಗೆ ಬಿಟ್ಟೋಳು ನಾನು, ನಾನೇ ಹೋಗ್ತೀನಿ."

"ಹೋಯ್ತು, ದನಾನೂ ಹೋಯ್ತು, ಕುರೀನೂ ಹೋಯ್ತು" ಎಂದು ವೆಲಾಫಿ ಗೊಣಗಿದ್ದು ಬೆನ್ನಿಗೆ ಕೇಳಿಸಿತು.

ಲೂನಾ ದನದ ದೊಡ್ಡಿಯ ಬೇಲಿಗೆ ಒರಗಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ದುಮ್ಸಿಲೆ ಹತ್ತಿರ ಹೋದರೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇಳಿಯುತ್ತಿತ್ತು. ಕೈಚೀಲ ತೆರೆದು ಒಂದು ಸಣ್ಣ ಡಬ್ಬಿ ತೆಗೆದಳು. ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದಳು. ಮುಚ್ಚಳ ಬಿಚ್ಚಿ ದುಮ್ಸಿಲೆಯ ಅಂಗೈಗೆ ಒಂದು ಗುಳಿಗೆ ಹಾಕಿದಳು. ಬಿಳಿ, ಉದ್ದ. ಕತ್ತಲಲ್ಲೂ ದುಮ್ಸಿಲೆಗೆ ಬೆರಳಿಗೇ ಗುರುತು ಹತ್ತಿತು.

"ಒಂಬತ್ತು ವರ್ಷ" ಎಂದಳು ಲೂನಾ. "ನನ್ನ ಗಂಡ ನಮ್ಮ ದೇಶದ ದಕ್ಷಿಣಕ್ಕೆ ನೀಲದ ಹರಳು ಅಗೆಯೋಕೆ ಹೋಗಿದ್ದ."

"ನನ್ನವನು ಚಿನ್ನ ಅಗೆಯೋಕೆ ಹೋಗಿದ್ದ. ಇಬ್ರೂ ತಂದಿದ್ದು ಮಾತ್ರ ಒಂದೇ."

ಲೂನಾ ಮತ್ತೆ ನಕ್ಕಳು. ಆಮೇಲೆ ಮಾತು ಕಟ್ಟೆಯೊಡೆದ ಹಾಗೆ ಬಂತು. ಅವಳ ಊರಿನಲ್ಲಿ ಇದು ಯಾರಿಗೂ ಇಲ್ಲ. ಇದ್ದರೂ ಅವಳ ಹಾಗೆಯೇ ಬಚ್ಚಿಟ್ಟುಕೊಂಡಿರುತ್ತಾರೆ. ಮಗನಿಗೆ ಗೊತ್ತಿಲ್ಲ, ಒಂದೇ ಮನೆಯಲ್ಲಿರುವ ತಂಗಿಗೆ ಗೊತ್ತಿಲ್ಲ. ಊರಿನ ಆಸ್ಪತ್ರೆಗೆ ಹೋದರೆ ಯಾರಾದರೂ ನೋಡಿಯಾರೆಂದು ಬಸ್ಸು ಹಿಡಿದು ರಾಜಧಾನಿಗೆ ಹೋಗುತ್ತಾಳೆ. ಕೇಳಿದವರಿಗೆ ಬಟ್ಟೆ ತರೋಕೆ ಎನ್ನುತ್ತಾಳೆ. ಹೇಳಿದ ಮೇಲೆ ತರಲೇಬೇಕಲ್ಲ, ಮನೆ ತುಂಬ ಬಟ್ಟೆಯ ಥಾನುಗಳು ಬಿದ್ದಿವೆ.

"ಇನ್ನೊಬ್ಬರ ಕೈಯಲ್ಲಿ ಇದನ್ನ ನಾನು ಇವತ್ತಿನವರೆಗೆ ನೋಡೇ ಇಲ್ಲ. ಆ ಮುದುಕ ಒಲೆ ಪಕ್ಕ ಕೂತು, ಎಲ್ಲರೆದುರಿಗೆ..." 

 ರೇಡಿಯೊದವನು ಓದುವ ಪಟ್ಟಿಯ ಕೆಳಗಿನ ದೇಶಗಳವರು ಪುಣ್ಯವಂತರು ಎಂದೇ ದುಮ್ಸಿಲೆ ತಿಳಿದಿದ್ದಳು. ದೇಶಕ್ಕೆ ಪುಣ್ಯವೇ ಸರಿ. ಆದರೆ ಆ ಮುನ್ನೂರರಲ್ಲಿ ಒಬ್ಬಳಾದವಳಿಗೆ? ಇಲ್ಲಿ ತನಗೆ ಜ್ವರ ಬಂದರೆ ಅರ್ಧ ಪೇಟೆ ಬಂದು ಡಬ್ಬಿ ಅಲ್ಲಾಡಿಸಿ ನೋಡಿ ಹೋಗುತ್ತದೆ. ಇವಳು ನಕ್ಷತ್ರದ ನೆಪ ಹೇಳಿಕೊಂಡು ಕತ್ತಲಿಗೆ ಬರಬೇಕು.

"ನಾನು ನಿನ್ನ ಕುಡುಕಿ ಅಂದ್ಕೊಂಡಿದ್ದೆ ಮಾರಾಯ್ತಿ" ಎಂದಳು ಕೊನೆಗೆ. ಮರ್ಯಾದೆಯ ಮಾತು ಅಲ್ಲಿಗೆ ಬಿದ್ದುಹೋಯಿತು. "ತಮ್ಮಂಗೂ ಹೇಳ್ಬಿಟ್ಟಿದೀನಿ."

"ಅವರೇನಂದ್ರು?"

"ದನದ ವಿಷಯದಲ್ಲಿ ಅದರಿಂದೇನಾದ್ರೂ ಲಾಭ ಇದ್ಯಾ ಅಂತ ಲೆಕ್ಕ ಹಾಕಿರ್ತಾನೆ."

ದುಮ್ಸಿಲೆ ತನ್ನ ಜೇಬಿನ ಡಬ್ಬಿ ತೆಗೆದಳು. ದೊಡ್ಡಿಯ ಬಳಿಯ ಬಕೆಟ್ಟಿನಿಂದ ಸೋರೆ ಬುರುಡೆಯಲ್ಲಿ ನೀರು ಮೊಗೆದಳು. ಒಬ್ಬಳಾದ ಮೇಲೆ ಒಬ್ಬಳು ನುಂಗಿದರು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

"ಮಗನಿಗೆ ಹೇಳೋದು ಬಿಡೋದು ನಿಂಗೆ ಸೇರಿದ್ದು. ನನ್ನ ಬಾಯಿಂದ ಬರಲ್ಲ. ಇವತ್ತಿನ ಕೋಟಾ ಮುಗೀತು."

ಲೂನಾ ಶಾಲಿನಿಂದ ಮುಖ ಒರೆಸಿಕೊಂಡು ಒಳಗೆ ನಡೆದಳು. ಮಗನ ಪಕ್ಕ ಕೂತು ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದಳು. ಉಳಿದವರಿಗೆ ಒಂದಕ್ಷರವೂ ಗೊತ್ತಾಗಲಿಲ್ಲ, ಟೂವುವಿನ ಮುಖದ ಬಣ್ಣ ಇಳಿದದ್ದು ಮಾತ್ರ ಕಂಡಿತು. ಅವನು ಎರಡು ಮಾತು ಗಡುಸಾಗಿ ಆಡಿ, ಎದ್ದು ಹೋಗಿ ಕಾರಿನಲ್ಲಿ ಕೂತ. ತೆಂಗೆಟಿಲೆ ಹಿಂದೆ ಹೋದಳು. ಬಹಳ ಹೊತ್ತು ಯಾರೂ ಮಾಂಸದ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಎನೋಸಜ್ಜ ಮಾತ್ರ, "ಯಾರಾದ್ರೂ ಸತ್ರಾ?" ಎಂದು ಎರಡು ಸಲ ಕೇಳಿದ.

ಟೂವು ಕಣ್ಣು ಕೆಂಪಗೆ ಮಾಡಿಕೊಂಡು ವಾಪಸು ಬಂದ. ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತ. ಆಮೇಲೆ ದುಮ್ಸಿಲೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: "ಒಂಬತ್ತು ವರ್ಷ ಅಮ್ಮ ಬಟ್ಟೆ ತಂದ್ಲು, ಅತ್ತೆ. ಅದ್ರಲ್ಲಿ ನಂಗೆ ಎಷ್ಟು ಶರ್ಟು ಹೊಲಿದ್ಲು ಗೊತ್ತಾ? ಸಾಕು ಸಾಕು ಅಂತ ಬೈತಿದ್ದೆ ನಾನು."

ಅವನು ಹಾಕಿಕೊಂಡಿದ್ದ ಶರ್ಟಿನ ತೋಳನ್ನು ಲೂನಾ ಸುಮ್ಮನೆ ಸವರಿದಳು.

"ಮಾಂಸ ತಣ್ಣಗಾಗ್ತಿದೆ" ಎಂದ ವೆಲಾಫಿ. ಗಂಟಲು ಸರಿಮಾಡಿಕೊಂಡು ಅಕ್ಕನ ಕಿವಿಯ ಬಳಿ ಬಾಗಿದ. "ಅಂದ್ರೆ... ಮದುವೆ ಇದ್ಯಲ್ವಾ?"

"ಇದೆ. ಆದರೆ ಬೀಗಿತ್ತೀನ ಕುಡುಕಿ ಅಂದಿದ್ದಕ್ಕೆ ನಿನ್ನಿಂದ ಒಂದು ದನ ದಂಡ."

"ಅಂದಿದ್ದು ನೀನು!"

"ಒಪ್ಪಿದ್ದು ನೀನು."

ಲೂನಾ ಇನ್ನೂ ಒಂದು ವಾರ ಇದ್ದಳು. ತನ್ನ ಸರದಿಯ ದಿನ ದುಮ್ಸಿಲೆ ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಬೆಳಿಗ್ಗೆಯೇ ಹೊರಗಿನ ಬೆಂಚುಗಳು ತುಂಬಿದ್ದವು. ಅಜ್ಜಿಯರು, ಬಸ್ ಕಂಡಕ್ಟರುಗಳು, ತರಕಾರಿ ಮಾರುವವರು, ಒಬ್ಬ ಪೊಲೀಸು, ಎಲ್ಲರೂ ಬಿಸಿಲಿಗೆ ಮೈ ಕಾಯಿಸುತ್ತ ಹರಟುತ್ತಿದ್ದರು. ಲೂನಾ ಮೊದಲು ಶಾಲನ್ನು ಹಣೆಯವರೆಗೆ ಎಳೆದುಕೊಂಡಳು. ಯಾರೂ ತನ್ನತ್ತ ನೋಡುತ್ತಿಲ್ಲವೆಂದು ಕಂಡ ಮೇಲೆ ನಿಧಾನವಾಗಿ ಹೆಗಲಿಗೆ ಇಳಿಸಿದಳು.

"ನಿಮ್ಮ ದೇಶದಲ್ಲಿ ಎಷ್ಟು ಜನಕ್ಕಿದೆ?" ಎಂದು ತರಕಾರಿಯವಳು ಕೇಳಿದಳು. ದುಮ್ಸಿಲೆ ಲೆಕ್ಕ ಹೇಳಿದಳು.

"ಮುನ್ನೂರಕ್ಕೆ ಒಬ್ಬರಾ? ಅಯ್ಯೋ ಪಾಪ! ಹಂಗಾದ್ರೆ ಕ್ಲಿನಿಕ್ಕಲ್ಲಿ ಮಾತಾಡೋಕೆ ಯಾರು ಸಿಗ್ತಾರೆ?"

"ಅಲ್ಲಿ ಅಷ್ಟು ಕಮ್ಮಿ ಯಾಕಂತೆ?" ಎಂದಳು ಇನ್ನೊಬ್ಬಳು. "ಅವರ ಗಂಡಸರು ದೇವದೂತರಾ?"

ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ನಕ್ಕಳು. "ಗಂಡಸರೆಲ್ಲ ಎಲ್ಲಾ ಕಡೇನೂ ಒಂದೇ. ಸುತ್ತ ಸಮುದ್ರ ಇದೆ, ನಮ್ಮ ಹಾಗೆ ಮನೆಗೊಬ್ಬ ಗಣಿಗೆ ಹೋಗಿಲ್ಲ. ಅಲ್ಲದೆ ಅಲ್ಲಿ ಗಂಡುಮಕ್ಕಳಿಗೆಲ್ಲ ಚಿಕ್ಕಂದಿನಲ್ಲೇ ಸುನ್ನತಿ ಮಾಡಿಬಿಡ್ತಾರಂತೆ, ಅದೂ ಸ್ವಲ್ಪ ತಡೆಯುತ್ತೆ. ಇನ್ನೂ ಎಷ್ಟೋ ಕಾರಣ ಇರುತ್ತೆ, ನಮಗೂ ಪೂರ್ತಿ ಗೊತ್ತಿಲ್ಲ."

"ನಮ್ಮ ಮನೆಯೋನಿಗೆ ಅದು ಮಾಡಿಸ್ಕೊ ಅಂದಿದ್ದಕ್ಕೆ ಮೂರು ದಿನ ತಂಗಿ ಮನೇಲಿ ಅಡಗಿಕೊಂಡಿದ್ದ" ಎಂದಳು ತರಕಾರಿಯವಳು. ಬೆಂಚಿಗೆ ಬೆಂಚೇ ನಕ್ಕಿತು. ಪೊಲೀಸು ಮಾತ್ರ ಏನೋ ನೆನಪಾದವನಂತೆ ಬೇರೆ ಕಡೆ ನೋಡಿದ. ದುಮ್ಸಿಲೆ ಅನುವಾದಿಸುವಷ್ಟರಲ್ಲಿ ಲೂನಾ ತಾನೂ ನಗಲು ಶುರುಮಾಡಿದ್ದಳು.

ಊರಿಗೆ ಹೋದ ಮೇಲೆ ಲೂನಾ ಒಂದು ಧೈರ್ಯ ಮಾಡಿದಳು, ತಂಗಿ ಫಾರಾಳಿಗೆ ಹೇಳಿದಳು. ಅದು ಚೆನ್ನಾಗಿ ಆಗಲಿಲ್ಲ. ಫಾರಾ ಕೂಗಾಡಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಅಕ್ಕನ ಲೋಟ, ತಟ್ಟೆ, ಚಮಚ ಮೂರನ್ನೂ ಬೇರೆ ಇಟ್ಟಳು. ಅದನ್ನು ಫೋನಿನಲ್ಲಿ ಹೇಳುವಾಗ ಲೂನಾ, "ರಾಣಿಗಿರೋ ಹಾಗೆ ನಂಗೇ ಅಂತ ಬೇರೆ ತಟ್ಟೆ ಇದೆ ಈಗ" ಎಂದು ನಕ್ಕಳು. ನಗು ಪೂರ್ತಿ ಬರಲಿಲ್ಲ.

"ಅವಳನ್ನ ಮದುವೆಗೆ ಕರ್ಕೊಂಡು ಬಾ" ಎಂದಳು ದುಮ್ಸಿಲೆ. "ನಾನು ಅವಳಿಗೆ ಏನೂ ಅನ್ನಲ್ಲ."

"ನೀನಾ?"

"ಪ್ರಯತ್ನ ಪಡ್ತೀನಿ."

ಡಿಸೆಂಬರಿನಲ್ಲಿ ವೆಲಾಫಿಯ ಅಂಗಳದಲ್ಲೇ ಮದುವೆಯಾಯಿತು. ಯಾರ ಪದ್ಧತಿ ಎಷ್ಟು ಎಂದು ಹಿರಿಯರು ಎರಡು ದಿನ ಜಗಳಾಡಿದ ಮೇಲೆ ತೆಂಗೆಟಿಲೆಯ ಮೈಗೆ ಇಲ್ಲಿಯ ಕೆಮ್ಮಣ್ಣೂ ಬಿತ್ತು, ಹೆಗಲಿಗೆ ಅಲ್ಲಿಯ ಬಿಳಿ ಶಾಲೂ ಬಿತ್ತು. ಫಾರಾ ಬಂದಿದ್ದಳು. ಅಕ್ಕನಷ್ಟೇ ಸಣ್ಣ ಮೈ, ಇಸ್ತ್ರಿ ಮಾಡಿದಂಥ ಮುಖ. ಅಕ್ಕನಿಗೂ ತನಗೂ ನಡುವೆ ಒಂದು ಕುರ್ಚಿ ಬಿಟ್ಟೇ ಕೂರುತ್ತಿದ್ದಳು. ದುಮ್ಸಿಲೆ ನಾಲಿಗೆ ಕಚ್ಚಿಕೊಂಡು ಓಡಾಡಿದಳು.

ಮಧ್ಯಾಹ್ನ ಜೋಳದ ಬಿಯರಿನ ಬುರುಡೆ ಸುತ್ತು ಹೊರಟಿತು. ಒಂದೇ ಬುರುಡೆ, ಎಲ್ಲರಿಗೂ ಅದೇ, ಒಬ್ಬರು ಕುಡಿದು ಪಕ್ಕದವರಿಗೆ ಕೊಡಬೇಕು. ಎನೋಸಜ್ಜ ಕುಡಿದು ಲೂನಾಳಿಗೆ ಕೊಟ್ಟ. ಲೂನಾ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ಬುರುಡೆಯನ್ನು ಹಿಡಿದೇ ಕೂತಳು. ಮುಂದಿನವಳು ತಂಗಿ. ನಡುವೆ ಖಾಲಿ ಕುರ್ಚಿ.

 ತೆಂಗೆಟಿಲೆ ಇನ್ನೆತ್ತಲೋ ನೋಡಿದಳು. ಎನೋಸಜ್ಜ ಮಾತ್ರ, "ಅದೇನು ಅದನ್ನ ಹೆತ್ತೋಳ ಹಾಗೆ ತಬ್ಕೊಂಡು ಕೂತಿದಾಳೆ? ಮುಂದಕ್ಕೆ ಕೊಡೋಕೆ ಹೇಳಿ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ.

ಫಾರಾ ಕೈ ಚಾಚಿದಳು. ಬುರುಡೆ ತೆಗೆದುಕೊಂಡು, ಶಾಲಿನ ಅಂಚಿನಿಂದ ಅದರ ಬಾಯನ್ನು ಒಮ್ಮೆ, ಮತ್ತೊಮ್ಮೆ ಒರೆಸಿದಳು. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು.

ಒರೆಸಿದ್ದನ್ನು ದುಮ್ಸಿಲೆ ಕಂಡಳು, ಲೂನಾಳೂ ಕಂಡಳು. ದುಮ್ಸಿಲೆಯ ಬಾಯಲ್ಲಿ ಹತ್ತು ಮಾತು ಸಾಲುಗಟ್ಟಿ ನಿಂತಿದ್ದವು, ಒಂದಕ್ಕಿಂತ ಒಂದು ಚೂಪು. ಅಷ್ಟನ್ನೂ ನುಂಗಿಕೊಂಡಳು.

ಎರಡನೇ ಸುತ್ತಿಗೆ ಶಾಲು ಒಂದೇ ಸಲ ಮೇಲೆದ್ದಿತು. ಮೂರನೇ ಸುತ್ತಿನ ಹೊತ್ತಿಗೆ ಫಾರಾ ನಡುವಿನ ಕುರ್ಚಿಗೆ ಜರುಗಿ ಬಂದಿದ್ದಳು. ಅಕ್ಕ ಪೂರ್ತಿ ಕುಡಿಯುವ ಮೊದಲೇ ಅವಳ ಕೈಯಿಂದ ಬುರುಡೆ ಕಿತ್ತುಕೊಂಡಳು. ನಾಲ್ಕನೆಯದಕ್ಕೆ ಫಾರಾಳ ಕೈಯಿಂದ ಅದನ್ನು ಬಿಡಿಸಿಕೊಳ್ಳಲು ವೆಲಾಫಿ ಮತ್ತು ಟೂವು ಇಬ್ಬರೂ ಬೇಕಾದರು.

"ನಿನ್ನ ಮನೇಲಿ ಕುಡಿಯೋರು ಯಾರೋ ಇದಾರೆ ಅಂತ ನಂಗೆ ಮೊದಲೇ ಅನಿಸಿತ್ತು ಕಣೇ" ಎಂದಳು ದುಮ್ಸಿಲೆ, ಲೂನಾಳ ಕಿವಿಯಲ್ಲಿ. "ಯಾರು ಅನ್ನೋದು ಮಾತ್ರ ತಪ್ಪಾಯ್ತು."